ಬೀಡಿ ಕಾರ್ಮಿಕರ ಔಷಧಿಯ ಹಕ್ಕು ಔದಾರ್ಯವಾಗದಿರಲಿ

(ಬೀಡಿ ಕಾರ್ಮಿಕರ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಬೀಡಿ ಕಟ್ಟಿದ ಹಣದಿಂದ ಮಕ್ಕಳನ್ನು ಓದಿಸಿದ ತಾಯಂದಿರು ದಕ್ಷಿಣ ಕನ್ನಡದ ಊರೂರುಗಳಲ್ಲಿದ್ದಾರೆ. ಮೊರವನ್ನು ಮಡಿಲಲ್ಲಿಟ್ಟು ದಿನವಿಡೀ ಕುಳಿತ ಅವರ ಬೆನ್ನು ಬಾಗಿದೆ. ಹೊಗೆಸೊಪ್ಪಿನ ಧೂಳು ಎದೆಯನ್ನು ಸೇರಿದೆ. ಅಂತಹ ತಾಯಿಗೆ ಕೆಮ್ಮು ಅಂಟಿಕೊಂಡರೆ ಔಷಧಿಯ ಖರ್ಚನ್ನು ಭರಿಸಬೇಕಾದವರು ಯಾರು?

ಈ ಪ್ರಶ್ನೆಗೆ ಸಂಸತ್ತು 1976ರಲ್ಲಿ ಉತ್ತರ ನೀಡಿತ್ತು. ಆ ವರ್ಷ ಎರಡು ಕಾಯ್ದೆಗಳು ಜೊತೆಯಾಗಿ ಬಂದವು. ಒಂದು, ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಕಾಯ್ದೆ. ಇನ್ನೊಂದು, ಕಲ್ಯಾಣ ನಿಧಿ ಕಾಯ್ದೆ. ತಯಾರಾದ ಬೀಡಿಯ ಮೇಲೆ ಸೆಸ್ ವಸೂಲು ಮಾಡಿ, ಆ ಹಣವನ್ನು ಕಾರ್ಮಿಕರ ಚಿಕಿತ್ಸೆ, ವಸತಿ ಮತ್ತು ಮಕ್ಕಳ ವಿದ್ಯಾರ್ಥಿವೇತನಕ್ಕೆ ವಿನಿಯೋಗಿಸುವ ಏರ್ಪಾಡು ಅದು. ಚಿಕಿತ್ಸಾಲಯಗಳು ತೆರೆದವು. ಮೈಸೂರಿನಲ್ಲಿ ಆಸ್ಪತ್ರೆಯೂ ಆಯಿತು. ಕ್ಯಾನ್ಸರ್, ಹೃದ್ರೋಗ, ಮೂತ್ರಪಿಂಡದ ಕಾಯಿಲೆಗಳ ವೆಚ್ಚವನ್ನು ಮರುಪಾವತಿಸುವ ಯೋಜನೆಗಳು ಬಂದವು. ಇದು ಯಾರೂ ನೀಡಿದ ದಾನವಲ್ಲ. ಅವರೇ ಕಟ್ಟಿದ ಬೀಡಿಯಿಂದ ಬಂದ ಪಾಲು.

2017ರಲ್ಲಿ ಜಿಎಸ್‌ಟಿ ಜಾರಿಗೆ ಬಂತು. ಅದಕ್ಕೆ ದಾರಿ ಮಾಡಿಕೊಡಲು ತೆರಿಗೆ ಕಾನೂನುಗಳ ತಿದ್ದುಪಡಿಯ ಮೂಲಕ ಹಲವು ಸೆಸ್‌ಗಳನ್ನು ರದ್ದುಪಡಿಸಲಾಯಿತು. ಬೀಡಿ ಸೆಸ್ ಕೂಡಾ ಅದರಲ್ಲಿ ಸೇರಿತು. 'ಕಾರ್ಮಿಕರ ಆರೋಗ್ಯ ಸೌಲಭ್ಯಕ್ಕೆ ಕಡಿತ' ಎಂಬ ಹೆಸರಿನ ಮಸೂದೆ ಬಂದಿದ್ದರೆ ಬಹುಶಃ ದೇಶವು ಎಚ್ಚೆತ್ತುಕೊಳ್ಳುತ್ತಿತ್ತು. ಆದರೆ ಬಂದದ್ದು ತೆರಿಗೆ ಸರಳೀಕರಣದ ಹೆಸರಿನಲ್ಲಿ. ನಿಧಿಯ ಕಾಯ್ದೆ ಉಳಿಯಿತು, ನಿಧಿಗೆ ನೀರುಣಿಸುತ್ತಿದ್ದ ಒರತೆ ನಿಂತಿತು.

ಬಜೆಟ್‌ನಿಂದ ಹಣ ಕೊಡುತ್ತಿದ್ದೇವಲ್ಲ ಎಂದು ಸರಕಾರ ಹೇಳಬಹುದು. ನಿಜ, ಯೋಜನೆ ನಿಂತಿಲ್ಲ. ಆದರೆ ಕಾನೂನಿನಂತೆ ಬರುವ ಪಾಲಿಗೂ ವರ್ಷ ವರ್ಷ ಕೇಳಿ ಪಡೆಯುವ ಅನುದಾನಕ್ಕೂ ವ್ಯತ್ಯಾಸವಿಲ್ಲವೇ? ಅನುದಾನವನ್ನು ಕಡಿಮೆ ಮಾಡಲು ಯಾವ ಕಾಯ್ದೆಯೂ ಬೇಕಿಲ್ಲ, ಬಜೆಟ್‌ನ ಒಂದು ಅಂಕಿ ಬದಲಾದರೆ ಸಾಕು.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎಂಬ ಮಾತೂ ಇದೆ. ವರ್ಷಕ್ಕೆ 5 ಲಕ್ಷ ರೂಪಾಯಿಯ ಆ ರಕ್ಷಣೆ ಬಡವರಿಗೆ ದೊಡ್ಡ ಆಸರೆಯೆಂಬುದನ್ನು ಒಪ್ಪೋಣ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ದಿನನಿತ್ಯದ ಕೆಮ್ಮಿಗೆ, ಬೆನ್ನುನೋವಿಗೆ ಊರಿನ ಸಮೀಪ ವೈದ್ಯರು ಮತ್ತು ಔಷಧಿ ಬೇಕು. ಹಾಸಿಗೆ ಹಿಡಿಯುವ ಮುನ್ನ ಸಿಗುವ ಚಿಕಿತ್ಸೆಯೇ ಬಡವನ ನಿಜವಾದ ವಿಮೆ.

ತಂಬಾಕಿನ ಉದ್ಯಮವನ್ನು ಉಳಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಬೀಡಿ ಸೇದುವುದು ಕೇಡು ಎಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ಯುವಕರು ಅದನ್ನು ತೊರೆಯಲಿ, ನಮ್ಮ ಸಹೋದರಿಯರಿಗೆ ಬೇರೆ ಉದ್ಯೋಗ ಸಿಗಲಿ. ಆದರೆ ಆ ಧೂಳಿನಲ್ಲಿ ಆಯುಷ್ಯ ಸವೆಸಿದವರ ಚಿಕಿತ್ಸೆಯನ್ನು ನಿಲ್ಲಿಸುವುದು ತಂಬಾಕು ವಿರೋಧವಲ್ಲ, ಅನ್ಯಾಯ.

ದಾರಿ ಇಲ್ಲವೆಂದೇನಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕಟ್ಟಡ ಕಾರ್ಮಿಕರಿಗಾಗಿ ನಿರ್ಮಾಣ ವೆಚ್ಚದ ಶೇ. 1ರಿಂದ 2ರಷ್ಟು ಸೆಸ್ ಉಳಿದುಕೊಂಡಿದೆ. ಕಟ್ಟಡ ಕಾರ್ಮಿಕನಿಗೆ ಸಲ್ಲುವ ನ್ಯಾಯ ಬೀಡಿ ಕಟ್ಟುವ ತಾಯಿಗೇಕೆ ಸಲ್ಲಬಾರದು? ಬೀಡಿಯಿಂದ ಬರುವ ಜಿಎಸ್‌ಟಿಯಲ್ಲಿ ನಿಶ್ಚಿತ ಪಾಲನ್ನು ಈ ನಿಧಿಗೆ ಕಾನೂನಿನ ಮೂಲಕವೇ ಮೀಸಲಿಡಬೇಕು. ಇದು ನಮ್ಮ ಬೇಡಿಕೆಯಾಗಲಿ.

ಇದಕ್ಕಾಗಿ ಮೊದಲು ನಾವು ಎದ್ದು ನಿಲ್ಲಬೇಕು. ನಿಮ್ಮ ಮೊಹಲ್ಲಾದಲ್ಲಿ ಬೀಡಿ ಕಟ್ಟುವ ಎಷ್ಟು ಮಂದಿಯಲ್ಲಿ ಕಾರ್ಮಿಕರ ಗುರುತಿನ ಚೀಟಿ ಇದೆ? ಓದು ಬಲ್ಲ ಯುವಕರು ಮನೆಮನೆಗೆ ಹೋಗಿ ವಿಚಾರಿಸಲಿ, ಅರ್ಜಿ ತುಂಬಿಸಿಕೊಡಲಿ. ಜಾತಿ ಧರ್ಮ ನೋಡದೆ ನೆರೆಮನೆಯ ಅಕ್ಕನದ್ದನ್ನೂ ತುಂಬಿಸಲಿ. ಮತ ಕೇಳಲು ಬರುವವರ ಮುಂದೆ ರಸ್ತೆ, ದೀಪಗಳ ಜೊತೆಗೆ ಈ ನಿಧಿಯ ಪ್ರಶ್ನೆಯನ್ನೂ ಇಡಿ. ಸದ್ದಿಲ್ಲದೆ ಹೋದ ಹಕ್ಕು ಮೌನದಿಂದ ಮರಳಿ ಬರಲಾರದು.