ಓದಿನ ಹೊರೆಯೂ ಅರಿವಿನ ಬೆಳಕೂ



ತಿಳಿಯಬೇಕೆಂಬ ಹಂಬಲವು ಮಾನವನಿಗೆ ಸಹಜವಾದುದು. ಆದರೆ ಕೇಳಿದ ಸಂಗತಿಗಳ ಸಂಖ್ಯೆ ಬೆಳೆದಂತೆಲ್ಲ ಅರಿವೂ ಬೆಳೆಯುವುದೆಂದು ಭಾವಿಸುವುದು ಭ್ರಾಂತಿಯೇ ಸರಿ. ಕಣಜ ತುಂಬಿದ ಮಾತ್ರಕ್ಕೆ ಹೊಟ್ಟೆ ತುಂಬಲಾರದು. ಕಾಳನ್ನು ಬೀಸಿ, ಬೇಯಿಸಿ, ಉಂಡು, ಅರಗಿಸಿಕೊಂಡಲ್ಲದೆ ಅದು ರಕ್ತವಾಗಲಾರದು. ಈ ಭೇದವನ್ನು ಪ್ರಾಚೀನ ಕಾಲದಲ್ಲಿಯೇ ಮನಗಂಡ ಗುರುವೊಬ್ಬನ ಸಂಶಯವನ್ನು ಈ ಮಂಗಲ ಸಮಯದಲ್ಲಿ ವಿಚಾರಕ್ಕೆ ತೆಗೆದುಕೊಳ್ಳುವುದು ಉಚಿತವಾಗಿದೆ.

ಗ್ರೀಸ್ ದೇಶದ ಅಥೆನ್ಸ್ ಪಟ್ಟಣದಲ್ಲಿ ಬಾಳಿ, ಕ್ರಿಸ್ತಪೂರ್ವ 399ರಲ್ಲಿ ವಿಷಪಾನದ ದಂಡನೆಯಿಂದ ದೇಹವಿಟ್ಟ ಸಾಕ್ರೆಟೀಸನು ಲೋಕವಿಖ್ಯಾತನಾದ ಗುರುವು. ಆದರೂ ಆತನು ಒಂದು ಗ್ರಂಥವನ್ನಾದರೂ ಬರೆದಿಡಲಿಲ್ಲ. ಪೇಟೆಯಲ್ಲಿಯೂ ಗರಡಿಮನೆಗಳಲ್ಲಿಯೂ ಎದುರಾದವರನ್ನು ಪ್ರಶ್ನಿಸುತ್ತ, ಅವರ ಅರಿವನ್ನು ಅವರಿಂದಲೇ ಪರೀಕ್ಷೆ ಮಾಡಿಸುತ್ತ ಬಾಳನ್ನು ಸವೆಸಿದನು. ಆತನ ಶಿಷ್ಯನಾದ ಪ್ಲೇಟೋ ‘ಫೀಡ್ರಸ್’ ಎಂಬ ತನ್ನ ಸಂವಾದದಲ್ಲಿ ಬರವಣಿಗೆಯನ್ನು ಕುರಿತು ಗುರುವಿನ ಬಾಯಿಂದ ಒಂದು ಕಥೆಯನ್ನು ಹೇಳಿಸಿದ್ದಾನೆ.

ಈಜಿಪ್ತ ದೇಶದಲ್ಲಿ ಥ್ಯೂಥ್ ಎಂಬ ದೇವತೆಯು ಗಣಿತ, ಜ್ಯಾಮಿತಿ, ಖಗೋಲ ಮೊದಲಾದ ವಿದ್ಯೆಗಳನ್ನು ಕಂಡುಹಿಡಿದು, ಕಟ್ಟಕಡೆಗೆ ಅಕ್ಷರಗಳನ್ನು ನಿರ್ಮಿಸಿ, ಅರಸನಾದ ಥಾಮುಸನ ಮುಂದಿಟ್ಟು, ಇವು ಜನರ ಸ್ಮರಣೆಗೂ ವಿವೇಕಕ್ಕೂ ದಿವ್ಯೌಷಧವೆಂದು ಹೊಗಳಿಕೊಂಡನಂತೆ. ಅರಸನಾದರೋ ಇದನ್ನು ಒಪ್ಪಲಿಲ್ಲ. ಜನರು ಹೊರಗಿನ ಗುರುತುಗಳನ್ನು ನಂಬಿ ಒಳಗಿನ ಸ್ಮರಣೆಯನ್ನು ಕಳೆದುಕೊಳ್ಳುವರೆಂದೂ, ಉಪದೇಶವಿಲ್ಲದೆ ಬಹಳ ಸಂಗತಿಗಳನ್ನು ಓದಿ, ಏನನ್ನೂ ಅರಿಯದಿದ್ದರೂ ಎಲ್ಲವನ್ನೂ ಅರಿತಂತೆ ತೋರುವರೆಂದೂ ಆತನು ಎಚ್ಚರಿಸಿದನು.

ಸಾಕ್ರೆಟೀಸನ ಶಂಕೆ ಇಲ್ಲಿಗೆ ಮುಗಿಯುವುದಿಲ್ಲ. ಬರೆದ ಮಾತು ಚಿತ್ರದ ಪ್ರತಿಮೆಯಂತೆ ಸಜೀವವಾಗಿ ತೋರಿದರೂ ಪ್ರಶ್ನೆ ಕೇಳಿದರೆ ಮೌನವಾಗಿರುವುದು. ತಿಳಿಯಬಲ್ಲವರಲ್ಲಿಗೂ ತಿಳಿಯಲಾರದವರಲ್ಲಿಗೂ ಒಂದೇ ಸಮನಾಗಿ ಅಲೆಯುವುದು. ವಿವೇಕಿಯಾದ ಒಕ್ಕಲಿಗನು ಎಂಟು ದಿನಗಳಲ್ಲಿ ಮೊಳೆಯುವ ಹಬ್ಬದ ಕುಂಡದಲ್ಲಿ ತನ್ನ ಬಿತ್ತನೆಯ ಬೀಜವನ್ನು ಸುರಿಯುವನೇ? ಹದವಾದ ಹೊಲದಲ್ಲಿ ಬಿತ್ತಿ ಎಂಟು ತಿಂಗಳು ಕಾಯುವನು ಎಂಬುದು ಆತನ ದೃಷ್ಟಾಂತ. ನವರಾತ್ರಿಯ ಘಟದ ಸಸಿಗಳನ್ನು ಬಲ್ಲ ಈ ನಾಡಿನವರಿಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಸಸಿ ಕಣ್ಣಿಗೆ ಹಸುರಾಗಿರುವುದು, ತೆನೆ ಕೊಡದು.

ಮುಂದೆ 15ನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯ ಮೈಂಟ್ಸ್ ಪಟ್ಟಣದಲ್ಲಿ ಗೂಟೆನ್‌ಬರ್ಗನು ಅಚ್ಚಿನ ಮೊಳೆಗಳಿಂದ ಗ್ರಂಥಗಳನ್ನು ಮುದ್ರಿಸಿದನು. ನೂರು ವರ್ಷ ಕಳೆಯುವ ಮೊದಲೇ ಪುಸ್ತಕಗಳ ಪ್ರವಾಹವೆದ್ದಿತು. ಜೂರಿಚ್ ನಗರದ ಪಂಡಿತನಾದ ಕಾನ್ರಾಡ್ ಗೆಸ್ನರನು 1545ರಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಗ್ರಂಥಗಳ ದೊಡ್ಡ ಪಟ್ಟಿಯನ್ನು ಪ್ರಕಟಿಸಿ, ಸುಮಾರು ಮೂರು ಸಾವಿರ ಗ್ರಂಥಕರ್ತರನ್ನು ಅದರಲ್ಲಿ ಸೇರಿಸಿದನು. ಗ್ರಂಥಗಳ ಈ ಗೊಂದಲಕಾರಿ ಸಮೃದ್ಧಿಯ ವಿಷಯದಲ್ಲಿ ಆತನಿಗೂ ಕಳವಳವಿತ್ತು. ಇಂದಾದರೋ ಅಂಗೈಯಗಲದ ಫೋನಿನಲ್ಲಿ ಲೋಕದ ಗ್ರಂಥಭಂಡಾರಗಳೇ ತೆರೆದುಕೊಳ್ಳುತ್ತವೆ. ಕೇಳುವ ಮೊದಲೇ ಉತ್ತರ ಬರುತ್ತದೆ. ಆದಕಾರಣ ಕೇಳುವ ಅಭ್ಯಾಸವೇ ತಪ್ಪಿಹೋಗುವ ಭಯವಿದೆ. ಶಿಷ್ಯನು ಪ್ರಶ್ನಿಸದಿದ್ದ ಮೇಲೆ ಗುರುವು ಬೆಳಗುವುದಾದರೂ ಯಾರನ್ನು?

ಹಾಗಾದರೆ ಬರೆಯುವುದನ್ನೇ ಬಿಡಬೇಕೆ? ಎಂದಿಗೂ ಇಲ್ಲ. ಬರವಣಿಗೆಯನ್ನು ಶಂಕಿಸಿದ ಗುರುವಿನ ಮಾತು ಇಂದಿನವರೆಗೆ ಉಳಿದು ಬಂದುದು ಶಿಷ್ಯನ ಬರವಣಿಗೆಯಿಂದಲೇ. ಕನ್ನಡ ನಾಡಿನ ದೃಷ್ಟಾಂತವು ಇನ್ನೂ ಹತ್ತಿರದ್ದು. ಶರಣರ ವಚನಗಳ ತಾಳೆಗರಿಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಓದುವವರಿಲ್ಲದೆ ಬಿದ್ದಿದ್ದವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವನ್ನು ಅರಸಿ, ಸಂಗ್ರಹಿಸಿ, ಪರಿಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಮಹನೀಯರು ಅಚ್ಚಿನ ಮನೆಯನ್ನು ಸಂಶಯಿಸಿ ಸುಮ್ಮನಿದ್ದಿದ್ದರೆ ಎಷ್ಟು ವಚನಗಳು ಹುಳುವಿನ ಪಾಲಾಗುತ್ತಿದ್ದವೋ!

ಆದುದರಿಂದ ದೋಷವು ಅಕ್ಷರದ್ದಲ್ಲ, ಅಕ್ಷರದಲ್ಲಿಯೇ ನಿಂತುಬಿಡುವ ಮನಸ್ಸಿನದು. ಗರಿಯನ್ನು ಓದದೆ ಪೂಜಿಸಿದವನೂ, ದಿನಕ್ಕೆ ನೂರು ಬರಹಗಳನ್ನು ಕಣ್ಣಾಡಿಸಿ ಮರೆತವನೂ ಕಡೆಗೆ ಸಮಾನರೇ. ಇಬ್ಬರಿಗೂ ಅರಿವು ದಕ್ಕಲಿಲ್ಲ. ಸ್ವಲ್ಪವನ್ನೇ ಓದಿ, ಓದಿದುದನ್ನು ಮನನ ಮಾಡಿ, ಸಂದೇಹ ಬಂದಲ್ಲಿ ಬಲ್ಲವರನ್ನು ಕೇಳಿ, ತಿಳಿದುದನ್ನು ನಡೆಯಲ್ಲಿ ಪರೀಕ್ಷಿಸಿದವನಿಗೆ ಮಾತ್ರ ಓದು ಅರಿವಾಗಿ ಪರಿಣಮಿಸುವುದು. ಶರಣರು ಅನುಭಾವಗೋಷ್ಠಿಗೆ ಮಹತ್ವ ಕೊಟ್ಟುದರ ರಹಸ್ಯವೂ ಇದೇ. ಅಲ್ಲಿ ಮಾತಿಗೆ ಪ್ರತಿಮಾತಿತ್ತು, ಮಾತಿನ ಹಿಂದೆ ನಡೆಯಿತ್ತು.

ಈ ಮಹೋತ್ಸವದ ಸಂಪುಟವೂ ಭಕ್ತರ ಮನೆಗಳನ್ನು ಸೇರಲಿದೆ. ಅದು ಕಪಾಟಿನ ಅಲಂಕಾರವಾದರೆ ಹೊರೆಗೆ ಇನ್ನೊಂದು ಹೊರೆಯಾಗುವುದು. ಅದರ ಒಂದು ಪುಟವಾದರೂ ಒಂದು ಮನೆಯಲ್ಲಿ ಒಂದು ಪ್ರಶ್ನೆಯನ್ನೆಬ್ಬಿಸಿ, ಒಬ್ಬ ತರುಣನನ್ನು ಶ್ರೀಮಠದ ಅಂಗಳಕ್ಕೆ ಕರೆತಂದು, ಹಿರಿಯರ ಮುಂದೆ ಕುಳ್ಳಿರಿಸಿದರೆ ಮುದ್ರಿಸಿದ ಶ್ರಮವು ಸಾರ್ಥಕವಾಗುವುದು. ಅಂತಹ ಸದ್ಬುದ್ಧಿಯು ಸರ್ವರಿಗೂ ಉಂಟಾಗಲಿ.