ಯಾವ ಬಂದೂಕಿಗೆ ಯಾವ ತೋಟಾ



ಕೃಷ್ಣೆ, ತುಂಗಭದ್ರೆಯರ ನಡುವಿನ ನಮ್ಮ ಸೀಮೆ ಬಂದೂಕನ್ನು ಕಂಡು ಐನೂರು ವರ್ಷ ದಾಟಿದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಾಗ, ಕ್ರಿಸ್ಟೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನೊಬ್ಬ 20 ಮಂದಿ ಬಂದೂಕುಗಾರರನ್ನು ಕರೆದುಕೊಂಡು ಬಂದ. ಕೋಟೆಯ ತೆನೆಗಳ ಹಿಂದೆ ತಲೆ ಎತ್ತಿದವರನ್ನು ಅವರು ಗುರಿಯಿಟ್ಟು ಹೊಡೆಯತೊಡಗಿದರು. ಮೇಲಿನಿಂದ ಕಲ್ಲು, ಬಾಣ ಬೀಳುವುದು ನಿಂತಿತು. ರಾಯನ ಆಳುಗಳು ಗೋಡೆಯ ಬುಡಕ್ಕೆ ಹೋಗಿ ಕಲ್ಲು ಕಿತ್ತರು. ಏನಾಗುತ್ತಿದೆ ಎಂದು ಇಣುಕಿದ ಕೋಟೆಯ ಅಧಿಕಾರಿಗೆ ಹಣೆಗೇ ಗುಂಡು ಬಿತ್ತು. ಇದನ್ನೆಲ್ಲ ಬರೆದಿಟ್ಟವನು ನೂನಿಜ್. ಅವನೂ ಪೋರ್ಚುಗೀಸನೇ, ತನ್ನವರ ಬಗ್ಗೆ ಸ್ವಲ್ಪ ಹೆಚ್ಚಿಗೇ ಹೇಳಿರಬಹುದು.

ಆ ಬಂದೂಕಿಗೆ ತೋಟಾ ಇರಲಿಲ್ಲ. ಮದ್ದು ಬೇರೆ, ಗುಂಡು ಬೇರೆ, ಹೊತ್ತಿಸುವ ಬತ್ತಿ ಬೇರೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿಯಬೇಕು. ಮಳೆ ಬಂದರೆ ಯುದ್ಧವೇ ಬಂದ್. ಈ ಮೂರನ್ನೂ ಒಂದರೊಳಗೆ ಸೇರಿಸಿದ್ದೇ ತೋಟಾದ ಚರಿತ್ರೆ. ಯಾರಿಗೆ ಯಾವ ತೋಟಾ ಸಿಗಬೇಕೆಂದು ನಿರ್ಧರಿಸಿದವರು ಯಾರು ಎಂಬುದು ಅದರೊಳಗಿನ ಇನ್ನೊಂದು ಚರಿತ್ರೆ. ನನಗೆ ಹೆಚ್ಚು ಕುತೂಹಲ ಇರುವುದು ಈ ಎರಡನೆಯದರಲ್ಲಿ.

ಮೊದಲ ತೋಟಾ ಎಂದರೆ ಸಂತೆಯಲ್ಲಿ ಶೇಂಗಾ ಕಟ್ಟಿಕೊಡುವಂಥ ಕಾಗದದ ಪೊಟ್ಟಣ. ಒಳಗೆ ಅಳತೆಯ ಮದ್ದು, ಒಂದು ಸೀಸದ ಗುಂಡು. ಹಲ್ಲಿನಿಂದ ಹರಿದು ಸುರಿಯಬೇಕು. 1853ರ ಎನ್‌ಫೀಲ್ಡ್ ರೈಫಲ್ಲಿನದು .577 ಬೋರು, ಅಂದರೆ ನಳಿಗೆಯ ಅಗಲ ಅಂಗುಲದ ಸಾವಿರದಲ್ಲಿ 577 ಪಾಲು. ಗುಂಡಿನ ತೂಕ ಸುಮಾರು 34 ಗ್ರಾಂ. ಪೊಟ್ಟಣಕ್ಕೆ ಹಚ್ಚಿದ ಕೊಬ್ಬು ದನದ್ದೋ ಹಂದಿಯದೋ ಎಂಬ ಸಂಶಯ ಹುಟ್ಟಿಸಿದ ಬೆಂಕಿ 1857ರಲ್ಲಿ ಬರಾಕ್‌ಪುರದಿಂದ ಮೀರತ್‌ಗೆ ಹಬ್ಬಿದ್ದನ್ನು ಶಾಲೆಯಲ್ಲೇ ಓದಿದ್ದೀರಿ.

ನಮ್ಮ ಕಡೆಗೆ ಆ ಬೆಂಕಿ ತಲುಪಿದ್ದು ಬೇರೆ ದಾರಿಯಲ್ಲಿ. ಕಂಪನಿ ಸರ್ಕಾರ ಅದೇ ವರ್ಷ ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಕೊಡೆವು ಎಂದರು. ನವೆಂಬರಿನಲ್ಲಿ ಊರಿಗೇ ಬೆಂಕಿ ಬಿತ್ತು, ಹಿಡಿದು ತಂದವರಲ್ಲಿ ಹಲವರನ್ನು ನೇಣಿಗೆ ಹಾಕಿದರು. ದೇವದುರ್ಗದಿಂದ ಹೊಳೆ ದಾಟಿದರೆ ಸುರಪುರ. ಅಲ್ಲಿ ರಾಜಾ ವೆಂಕಟಪ್ಪ ನಾಯಕ 1858ರ ಆರಂಭದಲ್ಲಿ ಇಂಗ್ಲಿಷರಿಗೆ ಎದುರು ನಿಂತ, ಸೋತ, ಅದೇ ವರ್ಷ ಸೆರೆಯಲ್ಲಿದ್ದಾಗ ರಿವಾಲ್ವರಿನ ಗುಂಡಿಗೆ ಸತ್ತ. ಆಗ ರಾಯಚೂರು ದೋಆಬ್ ನಿಜಾಮನ ಕೈಯಲ್ಲೂ ಇರಲಿಲ್ಲ. 1853ರಲ್ಲಿ ಸೈನ್ಯದ ಖರ್ಚಿನ ಬಾಬ್ತು ಕಂಪನಿಗೆ ಹೋಗಿದ್ದು 1860ರಲ್ಲಿ ವಾಪಸು ಬಂತು. ಸಿರವಾರ, ಮಾನ್ವಿಯ ರೈತರು ಆ ಏಳು ವರ್ಷ ಇಂಗ್ಲಿಷರ ಆಳ್ವಿಕೆಯಲ್ಲೇ ಇದ್ದರು.

ಅಲ್ಲಿಂದ ಮುಂದೆ ತೋಟಾದ ಆಯ್ಕೆಯನ್ನು ಭಯವೇ ಮಾಡಿತು. ಕಾಗದ ಹೋಗಿ ಹಿತ್ತಾಳೆ ಬಂತು: ಮದ್ದು, ಗುಂಡು, ಕಿಡಿ ಹೊತ್ತಿಸುವ ಕೇಪು ಮೂರೂ ಒಂದೇ ಕೊಳವೆಯಲ್ಲಿ. ಗೋರಾ ಸಿಪಾಯಿಗೆ ಹೊಸ ಮಾರ್ಟಿನಿ-ಹೆನ್ರಿ ಕೊಟ್ಟಾಗ ನಮ್ಮ ಸಿಪಾಯಿಗೆ ಹಳೆಯ ಸ್ನೈಡರ್. ಒಂದು ತಲೆಮಾರು ಹಿಂದೆಯೇ ಇರಲಿ ಎಂಬ ಲೆಕ್ಕ. 1878ರ ಆಯುಧ ಕಾಯ್ದೆ ಲೈಸೆನ್ಸನ್ನು ಬಿಗಿ ಮಾಡಿತು. 1907ರಲ್ಲಿ .450 ಬೋರಿನ ರೈಫಲ್ಲುಗಳು ಭಾರತಕ್ಕೆ ಬರುವುದನ್ನೇ ನಿಲ್ಲಿಸಿದರು. ಕಳುವಾದ ಮಾರ್ಟಿನಿಗಳಿಗೆ ಆ ಗುಂಡುಗಳು ಒದಗಿಬಿಟ್ಟರೆ ಎಂಬ ಅಂಜಿಕೆ. ಆನೆ, ಕಾಟಿ ಬೇಟೆಯ ದೊರೆಗಳ ಅಚ್ಚುಮೆಚ್ಚಿನ ಬೋರೇ ಅದು. ಲಂಡನ್ನಿನ ಬಂದೂಕು ಕಂಪನಿಗಳು ಅದನ್ನು ಬಿಟ್ಟು .465, .470, .475 ಎಂದು ಹೊಸ ತೋಟಾಗಳ ಕಡೆ ತಿರುಗಿದವು. ಕೆಲಸ ಹೆಚ್ಚುಕಡಿಮೆ ಅದೇ, ಅಳತೆ ಕೂದಲೆಳೆಯಷ್ಟು ಬೇರೆ.

ಸೈನ್ಯದ .303 ತೋಟಾವನ್ನು ಎಲ್ಲರೂ ಬಲ್ಲಿರಿ. ತ್ರೀ-ನಾಟ್-ತ್ರೀ ಎಂದರೆ ಮತಗಟ್ಟೆಯ ಬಾಗಿಲಲ್ಲಿ ಪೊಲೀಸರ ಹೆಗಲ ಮೇಲಿದ್ದ ಆ ಉದ್ದನೆಯ ರೈಫಲ್ಲು. ಅದು ಜನರ ಕೈಗೆ ನಿಷಿದ್ಧ. ಹಾಗಾದರೆ ಲೈಸೆನ್ಸು ಇದ್ದವನಿಗೆ ಏನು ಕೊಡುವುದು? ಆಸ್ಟ್ರಿಯಾ ದೇಶದ ಹಳೆಯ ಮಾನ್‌ಲಿಕರ್ ತೋಟಾ ಒಂದಿತ್ತು, 8 ಮಿಲಿಮೀಟರಿನದು. .303 ರೈಫಲ್ಲಿಗೆ ಅದು ಹೊಂದುವುದಿಲ್ಲ. ಅದನ್ನೇ ಆರಿಸಿ, ಸೈನ್ಯದ ರೈಫಲ್ಲಿನ ಮೈಗೆ ಆ ಅಳತೆಯ ನಳಿಗೆ ಹಾಕಿ ಮಾರಿದರು. ಅದೇ .315. ಸ್ವಾತಂತ್ರ್ಯ ಬಂದ ಮೇಲೂ ಇಛಾಪುರದ ಸರ್ಕಾರಿ ಕಾರ್ಖಾನೆ ಅದನ್ನೇ ಮಾಡುತ್ತಾ ಬಂತು. ಇವತ್ತಿಗೂ ಲೈಸೆನ್ಸಿನ ರೈಫಲ್ ಎಂದರೆ ಬಹುಮಟ್ಟಿಗೆ ಇದೇ. ಅದು ಒಳ್ಳೆಯ ತೋಟಾ ಎಂದು ಯಾರೂ ಆರಿಸಿದ್ದಲ್ಲ, ಸರ್ಕಾರದ ತೋಟಾಗೆ ಹೊಂದದ್ದು ಎಂದು ಆರಿಸಿದ್ದು.

ಇದಕ್ಕಿಂತ ವಿಚಿತ್ರ .410 ಮಸ್ಕೆಟಿನದು. .303 ರೈಫಲ್ಲಿನ ನಳಿಗೆಯ ಒಳಗೀರುಗಳನ್ನು ಕೊರೆದು ನುಣ್ಣಗೆ ಮಾಡಿ, ಒಂದೇ ಗುಂಡು ಹಿಡಿಯುವಂತೆ ಮಾಡಿ, ಪೊಲೀಸರಿಗೂ ಜೈಲು ಕಾವಲಿನವರಿಗೂ ಕೊಟ್ಟರು. ಕಾವಲುಗಾರನ ಮೇಲೂ ಅಷ್ಟೇ ನಂಬಿಕೆ.

ಕೊಡಗಿನ ಮಾತು ಬೇರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಈಡು. ಇನ್ನು ಬೇಟೆಯ ಮಾತಿಗೆ ಬಂದರೆ, ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್‌ಸನ್ ನರಭಕ್ಷಕಗಳ ಹಿಂದೆ ಅಲೆದದ್ದು .405 ವಿಂಚೆಸ್ಟರ್ ಹಿಡಿದು. ಅದು ಕೈಯಿಂದ ಸನ್ನೆ ಎಳೆದರೆ ಮುಂದಿನ ತೋಟಾ ಏರುವ ರೈಫಲ್.

ಕೈ ಹಾಕದೆಯೇ ತಾನೇ ತುಂಬಿಕೊಳ್ಳುವ ಬೇಟೆ ರೈಫಲ್ ಅಮೆರಿಕದ ಅಂಗಡಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಕುದುರೆ ಒಮ್ಮೆ ಎಳೆದರೆ ಒಂದೇ ಗುಂಡು. ಖಾಲಿ ಕೊಳವೆ ತಾನೇ ಹಾರಿ, ಹೊಸ ತೋಟಾ ತಾನೇ ಒಳಗೆ ಬರುತ್ತದೆ. ಇದನ್ನೇ ಅರೆ-ಸ್ವಯಂಚಾಲಿತ ಎನ್ನುವುದು. ಇಲ್ಲಿ ತೋಟಾದ ಆಯ್ಕೆ ಸೂಕ್ಷ್ಮ. ಬಂದೂಕನ್ನು ನಡೆಸುವುದೇ ತೋಟಾ ಹೊತ್ತಿದಾಗಿನ ಅನಿಲ ಇಲ್ಲವೇ ಒದೆತ. ಒತ್ತಡ ಕಡಿಮೆಯಾದರೆ ಕೊಳವೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಬಿಡಿಭಾಗ ಮುರಿಯುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಎಂ-16 ರೈಫಲ್ಲುಗಳು ನಡುವೆಯೇ ನಿಂತು ಸೈನಿಕರು ಸತ್ತದ್ದಕ್ಕೆ ಒಂದು ಕಾರಣ, ತೋಟಾದೊಳಗಿನ ಮದ್ದನ್ನು ಬದಲಿಸಿದ್ದು. ಇನ್ನು .303, .315 ತೋಟಾಗಳ ಬುಡದ ಅಂಚು ಹೊರಚಾಚಿದೆ. ಒಂದರ ಅಂಚು ಇನ್ನೊಂದಕ್ಕೆ ತಗುಲುತ್ತದೆ. ತಾನೇ ತುಂಬಿಕೊಳ್ಳುವ ರೈಫಲ್ಲಿಗೆ ಅಂಚಿಲ್ಲದ ತೋಟಾವೇ ಸಲೀಸು.

ಅಂಥವುಗಳಲ್ಲಿ ಹೆಸರಾದವು ಕೆಲವೇ. .223ರ ಗುಂಡು ಮೂರೂವರೆ ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ ಸುಮಾರು 990 ಮೀಟರ್. ಒದೆತ ಕಡಿಮೆ, ಗುರಿ ನೇರ, ಆದರೆ ದೊಡ್ಡ ಪ್ರಾಣಿಗೆ ಹಗುರ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಅದನ್ನು ಬಳಸುವಂತಿಲ್ಲ. .308ರ ಗುಂಡು ಹತ್ತು ಗ್ರಾಂ ಹತ್ತಿರ, ಹೊಡೆತದ ಬಲ ಅದರ ಎರಡರಷ್ಟು. ಭುಜಕ್ಕೆ ಒದೆತವೂ ಹೆಚ್ಚು, ರೈಫಲ್ಲೂ ಭಾರ. ಇವೆರಡರ ನಡುವೆ .300 ಬ್ಲ್ಯಾಕೌಟ್: .223ರ ಮ್ಯಾಗಜಿನ್ನಿನಲ್ಲೇ ಕೂರುತ್ತದೆ, ಗುಂಡು ದಪ್ಪ, ಹತ್ತಿರಕ್ಕೆ ಒಳ್ಳೆಯದು, ದೂರಕ್ಕೆ ಕುಸಿಯುತ್ತದೆ. ನನ್ನ ತೀರ್ಪು ಕೇಳಿದರೆ, ಕ್ರೀಡೆಗೆ ಇವು ಯಾವುವೂ ಬೇಡ. 1887ರಲ್ಲಿ ಹುಟ್ಟಿದ .22 ಸಾಕು. ಎರಡೂವರೆ ಗ್ರಾಮಿನ ಗುಂಡು, ಅಗ್ಗ, ಒದೆತವೇ ಇಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವರು ಮೊದಲು ಹೊಡೆದದ್ದು ಅದನ್ನೇ. ಆಟಿಕೆ ಎಂದುಕೊಳ್ಳಬೇಡಿ, ಅದರ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು.

ನಮ್ಮಲ್ಲಿ ಈ ಹೋಲಿಕೆಗೆ ಜಾಗವೇ ಕಡಿಮೆ. 1962ರ ಚೀನಾ ಯುದ್ಧದ ನಂತರ ಸೈನ್ಯಕ್ಕೆ ಅರೆ-ಸ್ವಯಂಚಾಲಿತ ಎಸ್‌ಎಲ್‌ಆರ್ ಬಂತು. ಅದರ 7.62 ಮಿಲಿಮೀಟರ್ ತೋಟಾ .308ರ ಅವಳಿ ಎಂದರೂ ಸರಿ, ಆದ್ದರಿಂದಲೇ .308 ರೈಫಲ್ಲಿಗೆ ಸಾಮಾನ್ಯ ಲೈಸೆನ್ಸಿಲ್ಲ. 1959ರ ಆಯುಧ ಕಾಯ್ದೆಯ ನಿಯಮಗಳು ಸೇನೆಯ ಗುಂಡು ಹೊಂದುವ ಯಾವ ಬೋರನ್ನೂ, ಅರೆ-ಸ್ವಯಂಚಾಲಿತ ರೈಫಲ್ಲುಗಳನ್ನೂ ಸಾಮಾನ್ಯ ಲೈಸೆನ್ಸಿನಿಂದ ಹೊರಗಿಟ್ಟಿವೆ. ಇಂಗ್ಲಿಷರ ಅಂಜಿಕೆ ಕಾಯ್ದೆಯೊಳಗೆ ಹಾಗೇ ಉಳಿದಿದೆ. ಅದು ತಪ್ಪೆಂದು ನಾನು ಹೇಳಲಾರೆ. ಅಮೆರಿಕದ ಶಾಲೆಗಳ ಸುದ್ದಿ ಓದಿದವರು ಯಾರೂ ಹೇಳಲಾರರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೂ ಕ್ರಮೇಣ ನಿಂತಿದೆ. ಎರೆ ಹೊಲಕ್ಕೆ ಕೃಷ್ಣಮೃಗದ ಹಿಂಡು ನುಗ್ಗಿದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಪರಿಹಾರ ಕೇಳಬೇಕೇ ಹೊರತು ಬಂದೂಕು ಎತ್ತುವಂತಿಲ್ಲ.

ಕೊನೆಗೊಂದು ವಿನಂತಿ. ಅಜ್ಜನ ಕಾಲದ ಬಂದೂಕು, ಅದರ ಜೊತೆಗಿನ ಹಸಿರುಗಟ್ಟಿದ ತೋಟಾಗಳು ನಿಮ್ಮ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಇದ್ದರೆ ಬಡಿದು ನೋಡಬೇಡಿ, ಒಲೆಗೆ ಹಾಕಬೇಡಿ, ಹುಡುಗರ ಕೈಗೆ ಕೊಡಬೇಡಿ. ಲೈಸೆನ್ಸು ಇದ್ದವರು ತೀರಿಕೊಂಡಿದ್ದರೆ ಅದು ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ, ಅಲ್ಲಿ ಒಪ್ಪಿಸಿ ರಸೀದಿ ಪಡೆಯಿರಿ.