ಸಿಂಹ ನೋಡಲು ಹೊರಟವರಿಗೆ ಒಂದೆರಡು ಮಾತು

(ಸಂಘದ ಸಂಸ್ಥಾಪನಾ ದಿನದಂದು ಮಾಡಿದ ಭಾಷಣ)



ಕೊಲ್ಲಿ ನಾಡಿನಲ್ಲಿ ನೆಲಸಿರುವ ನಮಗೆ ಆಫ್ರಿಕ ಈಗ ದೂರದ ಮಾತಲ್ಲ. ದುಬಾಯಿಯಲ್ಲಿ ವಿಮಾನ ಹತ್ತಿದರೆ ಸುಮಾರು ಐದು ಗಂಟೆಗೆ ನೈರೋಬಿ. ರಜೆ ಬಂತೆಂದರೆ ನಮ್ಮಲ್ಲಿ ಒಂದೆರಡು ಕುಟುಂಬಗಳಾದರೂ ಮಸಾಯಿ ಮಾರಾಕ್ಕೆ ಹೊರಟಿರುತ್ತವೆ. 'ಸಫಾರಿ' ಸ್ವಾಹಿಲಿ ಪದ. ಅದರ ಮೂಲ ನಾವಿಲ್ಲಿ ದಿನವೂ ಕೇಳುವ ಅರಬ್ಬಿಯ 'ಸಫರ್'. ಅದೇ ಸ್ವಾಹಿಲಿಯಲ್ಲಿ ಸಿಂಹಕ್ಕೆ 'ಸಿಂಬಾ' ಎನ್ನುತ್ತಾರೆ. ಕೇಳಿದೊಡನೆ ಸಂಸ್ಕೃತದ ನೆಂಟಸ್ತಿಕೆ ಹುಡುಕುವ ಪಂಡಿತರು ನಮ್ಮಲ್ಲಿದ್ದಾರೆ. ಅದು ಬಂಟು ಭಾಷೆಗಳ ಸ್ವಂತ ಪದ, ಹೋಲಿಕೆ ಆಕಸ್ಮಿಕ ಎಂದರೆ ಅವರಿಗೆ ಬೇಸರವಾಗುತ್ತದೆ!

ಹೋಗಿ ಬಂದವರನ್ನು ನಾವೆಲ್ಲ ಮೊದಲು ಕೇಳುವುದು, "ಸಿಂಹ ಕಂಡಿತೆ?" ಎಂದು. ಆ ಸಿಂಹ ರಾತ್ರಿ ಯಾರ ದೊಡ್ಡಿಯ ಬಳಿ ಸುಳಿಯುತ್ತದೆ ಎಂದು ಕೇಳುವುದಿಲ್ಲ. ಇಂದು ಅದನ್ನೇ ಮಾತನಾಡೋಣ ಎಂದುಕೊಂಡಿದ್ದೇವೆ.

ಆಫ್ರಿಕದಲ್ಲಿ ಈಗ ಉಳಿದಿರುವ ಸಿಂಹಗಳು 20,000ದಿಂದ 25,000 ಎಂದು ಅಂದಾಜು. ಕೀನ್ಯ ಮೋಜಿನ ಬೇಟೆಯನ್ನು 1977ರಲ್ಲೇ ನಿಷೇಧಿಸಿತು. ಆದರೂ ಅಲ್ಲಿ ಸಿಂಹಗಳು ಸಾಯುತ್ತಲೇ ಬಂದಿವೆ. ಮಾರಾ ಮೀಸಲು ಪ್ರದೇಶದ ವಿಸ್ತಾರ ಸುಮಾರು 1,500 ಚದರ ಕಿಲೋಮೀಟರ್. ಸಿಂಹಕ್ಕೆ ಅದರ ಗಡಿ ಗೊತ್ತಿಲ್ಲ. ಆಚೆ ಮಸಾಯಿ ಜನರ ಹಟ್ಟಿಗಳು. ಅವರಿಗೆ ದನವೇ ಬ್ಯಾಂಕು, ದನವೇ ಮಾನ. ಒಂದು ರಾತ್ರಿಯಲ್ಲಿ ನಾಲ್ಕು ಹಸು ಕಳೆದುಕೊಂಡವನಿಗೆ ವನ್ಯಜೀವಿ ಪ್ರೇಮದ ಉಪದೇಶ ಮಾಡಲು ನಮಗಂತೂ ಬಾಯಿ ಬರುವುದಿಲ್ಲ.

ಹಿಂದೆ ಈಟಿ ಹಿಡಿದು ಹೋಗುತ್ತಿದ್ದರು. ಈಗ ಸತ್ತ ದನದ ಮೈಗೆ ಕೀಟನಾಶಕ ಸುರಿದರೂ ಸಾಕು. 2015ರ ಡಿಸೆಂಬರಿನಲ್ಲಿ, ಬಿ.ಬಿ.ಸಿ.ಯ 'ಬಿಗ್ ಕ್ಯಾಟ್ ಡೈರಿ'ಯಿಂದ ಲೋಕಪ್ರಸಿದ್ಧವಾಗಿದ್ದ ಮಾರ್ಷ್ ಪ್ರೈಡ್ ಎಂಬ ಹಿಂಡಿಗೆ ಹೀಗೆ ವಿಷ ಬಿತ್ತು. ಬೀಬಿ ಎಂಬ ಮುದಿ ಹೆಣ್ಣು ಸಿಂಹ ಸತ್ತಿತು. ಇಂಥ ಹೆಣಕ್ಕೆ ಎರಗುವ ರಣಹದ್ದುಗಳದೂ ಅದೇ ಗತಿ. 2023ರ ಮೇ ತಿಂಗಳಲ್ಲಿ ಅಂಬೊಸೆಲಿಯ ಸುತ್ತ ಒಂದೇ ವಾರದಲ್ಲಿ ಹತ್ತು ಸಿಂಹಗಳನ್ನು ಕೊಂದರು. ಅವುಗಳಲ್ಲಿ ಲೂನ್‌ಕಿಟೊ ಒಂದು, ಸುಮಾರು 19 ವರ್ಷದ ಗಂಡು. ಕಾಡಿನ ಸಿಂಹ ಅಷ್ಟು ಕಾಲ ಬದುಕುವುದೇ ಅಪರೂಪ. ಹಸಿದು ಹಟ್ಟಿಗೆ ನುಗ್ಗಿ ಈಟಿಗೆ ಬಲಿಯಾಯಿತು.

ಅದೇ ಅಂಬೊಸೆಲಿಯಲ್ಲಿ 'ಲಯನ್ ಗಾರ್ಡಿಯನ್ಸ್' ಎಂಬ ಸಂಸ್ಥೆ 2007ರಿಂದ ಕೆಲಸ ಮಾಡುತ್ತಿದೆ. ಸಿಂಹ ಕೊಂದ ತರುಣನಿಗೆ ಮಸಾಯಿ ಸಮಾಜದಲ್ಲಿ ವೀರನೆಂಬ ಮನ್ನಣೆಯಿತ್ತು. ಅಂಥ ತರುಣರನ್ನೇ ಸಂಬಳ ಕೊಟ್ಟು ಕಾವಲಿಗಿಟ್ಟರು. ಹೆಜ್ಜೆ ಜಾಡು ಹಿಡಿದು "ಇಂದು ಆ ಕಡೆ ದನ ಹೊಡೆಯಬೇಡಿ" ಎಂದು ಎಚ್ಚರಿಸುವುದು, ತಪ್ಪಿಸಿಕೊಂಡ ದನ ಹುಡುಕುವುದು, ಮುಳ್ಳಿನ ದೊಡ್ಡಿ ಗಟ್ಟಿ ಮಾಡುವುದು ಅವರ ಕೆಲಸ. ಸಿಂಹಗಳಿಗೆ ಮಸಾಯಿ ಹೆಸರನ್ನೂ ಇಡುತ್ತಾರೆ. ಹೆಸರಿಟ್ಟ ಮೇಲೆ ಕೊಲ್ಲುವ ಕೈ ತುಸು ಹಿಂಜರಿಯುವುದು ಸಹಜ ತಾನೆ?

ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನ ಹುಡುಗ ರಿಚರ್ಡ್ ಟುರೆರೆಯ ಕಥೆ ನಮ್ಮ ಮಕ್ಕಳಿಗೆ ಹೇಳಬೇಕಾದದ್ದು. ಹಳೆಯ ಕಾರ್ ಬ್ಯಾಟರಿ, ಸೌರಫಲಕ, ಮೋಟಾರ್ ಸೈಕಲ್ಲಿನ ಇಂಡಿಕೇಟರ್ ಪೆಟ್ಟಿಗೆ, ಒಡೆದ ಟಾರ್ಚುಗಳ ಬಲ್ಬು ಸೇರಿಸಿ ಹನ್ನೊಂದನೆಯ ವಯಸ್ಸಿಗೇ ದೊಡ್ಡಿಯ ಸುತ್ತ ಮಿನುಗುವ ದೀಪ ಕಟ್ಟಿದ. ಯಾರೋ ಲಾಟೀನು ಹಿಡಿದು ಓಡಾಡುತ್ತಿದ್ದಾರೆಂದು ಭ್ರಮಿಸಿ ಸಿಂಹ ದೂರ ಸರಿಯಿತು.

ರೋಗದ ಭಯ ಬೇರೆ. 1994ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ಸೆರೆಂಗೆಟಿಯ ಸಿಂಹಗಳಲ್ಲಿ ಮೂರರಲ್ಲೊಂದು ಪಾಲನ್ನು ಬಲಿ ತೆಗೆದುಕೊಂಡಿತು. 2018ರಲ್ಲಿ ನಮ್ಮ ಗಿರ್ ಅರಣ್ಯಕ್ಕೂ ಬಂತು. 2025ರ ಗಣತಿಯಂತೆ ಗುಜರಾತಿನಲ್ಲಿ 891 ಸಿಂಹಗಳಿವೆ. ಎಲ್ಲವೂ ಒಂದೇ ರಾಜ್ಯದಲ್ಲಿ! ಕೆಲವನ್ನು ಕುನೋಗೆ ಸಾಗಿಸಿ ಎಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿತ್ತು. ಒಂದೂ ಹೋಗಲಿಲ್ಲ.

ಇನ್ನು ನಮ್ಮ ದುಡ್ಡಿನ ವಿಷಯ. ಮಾರಾದಲ್ಲಿ 2024ರಿಂದ ಜುಲೈ-ಡಿಸೆಂಬರ್ ಅವಧಿಯಲ್ಲಿ ವಿದೇಶೀಯರಿಗೆ ದಿನಕ್ಕೆ 200 ಡಾಲರ್ ಪ್ರವೇಶ ಶುಲ್ಕ. ಮೀಸಲು ಪ್ರದೇಶದ ಹೊರಗೆ ಮಸಾಯಿಗಳ ಸ್ವಂತ ಜಮೀನನ್ನು ಗುತ್ತಿಗೆಗೆ ಪಡೆದು ನಡೆಸುವ ಕನ್ಸರ್ವೆನ್ಸಿಗಳಿವೆ; ನಬೋಯಿಷೊ ಅಂಥದ್ದು. ಅಲ್ಲಿ ಗುತ್ತಿಗೆ ಹಣ ನೇರವಾಗಿ ಜಮೀನಿನ ಒಡೆಯರಿಗೆ ಸೇರುತ್ತದೆ. 2020ರಲ್ಲಿ ಕೋವಿಡ್ ಬಂದು ಪ್ರವಾಸಿಗಳು ನಿಂತಾಗ ಆ ಹಣಕ್ಕೂ ಕತ್ತರಿ ಬಿತ್ತು. ಸಿಂಹದ ಬಾಳು ನಮ್ಮ ರಜೆಯ ಮೇಲೆ ಇಷ್ಟೊಂದು ನಿಂತಿರುವುದು ನಮಗೇನೂ ಹಿತವೆನಿಸುವುದಿಲ್ಲ, ಆದರೆ ಸದ್ಯಕ್ಕೆ ಇರುವುದು ಹಾಗೆ.

ಆದ್ದರಿಂದ ಬುಕ್ ಮಾಡುವಾಗ ಊಟದಲ್ಲಿ ಸಾರು-ಅನ್ನ ಸಿಗುತ್ತದೆಯೆ ಎಂದು ಕೇಳುವ ಜೊತೆಗೆ, ಬಿಡಾರ ಯಾರ ಜಮೀನಿನಲ್ಲಿದೆ, ಅವರಿಗೆ ಏನು ಸಲ್ಲುತ್ತದೆ ಎಂದೂ ಕೇಳಿ. ಸಿಂಹದ ಸುತ್ತ ಹತ್ತು ಗಾಡಿ ಮುತ್ತಿದ್ದರೆ "ಇನ್ನೂ ಹತ್ತಿರ ಹೋಗಪ್ಪ" ಎಂದು ಚಾಲಕನನ್ನು ಒತ್ತಾಯಿಸಬೇಡಿ. ಬಕ್ಷೀಸಿನ ಆಸೆಗೆ ಅವನು ಇಲ್ಲವೆನ್ನಲಾರ. ಈ ಬೇಸಿಗೆಗೆ ಹೊರಡುವವರು ಕಾರ್ಯಕ್ರಮ ಮುಗಿದ ಮೇಲೆ ಊಟದ ಸಾಲಿನಲ್ಲಿ ನಮ್ಮನ್ನು ಹಿಡಿದುಕೊಳ್ಳಿ, ಉಳಿದದ್ದನ್ನು ಅಲ್ಲಿ ಹೇಳುತ್ತೇವೆ.